ಮೌಸ್ ಹಾರ್ತಾ ಐತಿ

2000ರ ಆಸುಪಾಸಿನಲ್ಲಿ ನಾನು ದಾವಣಗೆರೆಯ ಡಿಟಿಪಿ ಅಂಗಡಿಗಳಿಗೆ ಸರ್ವಿಸ್‌ಗೆ ಹೋಗುತ್ತಿದ್ದೆ. ಬರುತ್ತಿದ್ದ ದೂರುಗಳು ಹೆಚ್ಚಾಗಿ ಎರಡೇ ಬಗೆ: ‘ಸಾರ್, ಮೌಸ್ ಹಾರ್ತಾ ಐತಿ’, ಇಲ್ಲವೇ ‘ಕೀಬೋರ್ಡ್ ತಗೊಳ್ತಿಲ್ರೀ’.

ಮೌಸ್ ಹಾರುವುದಕ್ಕೆ ಮದ್ದು ಉಗುರು. ಮೌಸನ್ನು ಅಂಗಾತ ಮಲಗಿಸಿ ಅಡಿಯ ಬಿಲ್ಲೆ ತಿರುಗಿಸಿದರೆ ರಬ್ಬರ್ ಹೊದಿಸಿದ ಗುಂಡು ಅಂಗೈಗೆ ಬೀಳುತ್ತಿತ್ತು. ಒಳಗೆ ಎರಡು ಪುಟ್ಟ ರೋಲರ್‌ಗಳು, ಅವುಗಳ ನಡುವಿಗೆ ಬಳೆ ತೊಡಿಸಿದ ಹಾಗೆ ಕಪ್ಪು ಜಿಡ್ಡು. ಟೇಬಲ್ಲಿನ ಧೂಳು, ಕೈಯ ಬೆವರು, ಮಂಡಕ್ಕಿ ತಿಂದ ಬೆರಳಿನ ಎಣ್ಣೆ ಎಲ್ಲ ಸೇರಿ ಗಟ್ಟಿಯಾದದ್ದು ಅದು. ಉಗುರಿನಿಂದ ಕೆರೆದು, ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಒರೆಸಿ, ಗುಂಡು ಹಾಕಿ ಮುಚ್ಚಿದರೆ ಮುಗಿಯಿತು. ಇದಕ್ಕೆ ಹಣ ಕೇಳಲು ಸಂಕೋಚವಾಗುತ್ತಿತ್ತು, ಕೇಳುತ್ತಿದ್ದೆ.

ಕೀಬೋರ್ಡಿನ ತಾಪತ್ರಯ ಸಿಪಿಯು ಹಿಂಬದಿಯದು. ಪಿಎಸ್/2 ಎಂಬ ಆ ದುಂಡು ಪ್ಲಗ್ಗಿನಲ್ಲಿ ಆರು ಪಿನ್ನು. ನೇರಳೆ ಬಣ್ಣದ್ದು ಕೀಬೋರ್ಡಿಗೆ, ಹಸಿರು ಮೌಸಿಗೆ. ಬಣ್ಣ ಹಾಕಿದ್ದೇನೋ ಗುರುತಿಗೆ, ಆದರೆ ಕತ್ತಲ ಮೂಲೆಯಲ್ಲಿ ತಡಕಾಡಿ ಚುಚ್ಚುವವರಿಗೆ ಬಣ್ಣ ಎಲ್ಲಿ ಕಂಡೀತು? ಅದಲು ಬದಲಾದರೆ ಕೀಬೋರ್ಡ್ ಇಲ್ಲ ಎಂದು ಯಂತ್ರ ಕರಿ ಪರದೆಯಲ್ಲಿ ಬರೆದು, ಮುಂದುವರಿಯಲು ಎಫ್1 ಒತ್ತಿ ಅನ್ನುತ್ತಿತ್ತು. ಇಲ್ಲದ ಕೀಬೋರ್ಡಿನಲ್ಲಿ ಎಫ್1 ಒತ್ತುವುದು ಹೇಗೆ ಎಂದು ಯಾರೂ ಯೋಚಿಸಿದಂತಿರಲಿಲ್ಲ. ಸೊಟ್ಟಗಾದ ಪಿನ್ನು ನೆಟ್ಟಗೆ ಮಾಡಲು ಖಾಲಿ ರೀಫಿಲ್ಲಿನ ಕೊಳವೆ ಸಾಕಾಗುತ್ತಿತ್ತು. ಯಂತ್ರ ಚಾಲೂ ಇರುವಾಗಲೇ ಕಿತ್ತು ಚುಚ್ಚಿದರೆ ಮದರ್‌ಬೋರ್ಡಿನ ಫ್ಯೂಸು ಹೋಗುವ ಭಯವಿತ್ತು. ಹಾಗಾಗಿ ಪ್ರತಿ ಸಲವೂ ಆರಿಸಿ, ಚುಚ್ಚಿ, ಮತ್ತೆ ಹಚ್ಚುವುದು.

ಈ ನಡುವೆ ವೈರ್‌ಲೆಸ್ ಬಂತು. ಅದೇನೂ ಆಗಷ್ಟೇ ಹುಟ್ಟಿದ್ದಲ್ಲ. ಐಬಿಎಂ 1983ರಲ್ಲಿ ಘೋಷಿಸಿದ ಪಿಸಿ ಜೂನಿಯರ್‌ಗೆ ಟಿವಿ ರಿಮೋಟಿನ ಬೆಳಕಿನಲ್ಲಿ ಕೆಲಸ ಮಾಡುವ ಕೀಬೋರ್ಡಿತ್ತು. ನಮ್ಮಲ್ಲಿಗೆ ಬಂದದ್ದು 27 ಮೆಗಾಹರ್ಟ್ಸ್ ರೇಡಿಯೊದ ಜೋಡಿಗಳು. ಅವನ್ನು ಮೊದಲು ತಂದವರು ಟೈಪ್ ಮಾಡುವವರಲ್ಲ, ಸಾಹೇಬರ ಕೊಠಡಿಯವರು. ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ರಿಸೀವರನ್ನು ಟೇಬಲ್ ಮೇಲಿಟ್ಟು, ಅದರ ಕನೆಕ್ಟ್ ಗುಂಡಿ ಒತ್ತಿ, ಕೂಡಲೇ ಕೀಬೋರ್ಡಿನ ಅಡಿಯ ಗುಂಡಿ ಒತ್ತಬೇಕು. ಆಮೇಲೆ ಮೌಸಿನದು. ಐದಾರು ಅಡಿ ದಾಟಿದರೆ ಸಂಪರ್ಕ ತಪ್ಪುತ್ತಿತ್ತು, ಕಬ್ಬಿಣದ ಟೇಬಲ್ಲಾದರೆ ಇನ್ನೂ ಬೇಗ. ಒಂದು ಆಡಿಟರ್ ಕಚೇರಿಯಲ್ಲಿ ಒಂದೇ ಮಾದರಿಯ ಎರಡು ಜೋಡಿ ಅಕ್ಕಪಕ್ಕ ಇದ್ದವು. ಇಬ್ಬರೂ ಒಟ್ಟಿಗೆ ಕನೆಕ್ಟ್ ಒತ್ತಿದ್ದರಿಂದ ಗುಮಾಸ್ತರ ಕೀಬೋರ್ಡ್ ಸಾಹೇಬರ ಕಂಪ್ಯೂಟರಿಗೆ ಗಂಟುಬಿತ್ತು. ಒಬ್ಬರನ್ನು ಚಹಾಕ್ಕೆ ಕಳಿಸಿ ಒಂದೊಂದಾಗಿ ಜೋಡಿಸಬೇಕಾಯಿತು.

ಕನ್ನಡ ಟೈಪ್ ಮಾಡುವವರಿಗೆ ಈ ರೇಡಿಯೊ ಜೋಡಿಗಳ ಹುಳುಕು ಬೇಗ ಕಂಡಿತು. ಕೆ. ಪಿ. ರಾವ್ ವಿನ್ಯಾಸದ ಕೀಲಿಮಣೆ ಬಳಸುವ ನುಡಿ ತಂತ್ರಾಂಶದಲ್ಲಿ ಒತ್ತಕ್ಷರ ಬರುವುದು ಎಫ್ ಕೀಲಿಯಿಂದ. ರೇಡಿಯೊ ಆ ಒಂದು ಬಡಿತ ನುಂಗಿದರೆ ‘ಅಪ್ಪ’ ಹೋಗಿ ‘ಅಪಪ’ ಆಗುತ್ತದೆ. ಮದುವೆ ಕಾರ್ಡಿನಲ್ಲಿ ಇಂಥದ್ದು ಒಂದು ಉಳಿದರೂ ಮುದ್ರಣದ ಖರ್ಚು ಮೈಮೇಲೆ. ಡಿಟಿಪಿಯವರು ವೈರಿನ ಟಿವಿಎಸ್ ಗೋಲ್ಡ್ ಕೀಬೋರ್ಡಿನ ಟಕಟಕ ಬಿಡಲಿಲ್ಲ, ಬಿಡದೆ ಇದ್ದದ್ದೇ ಸರಿ.

2.4 ಗಿಗಾಹರ್ಟ್ಸ್ ಡಾಂಗಲ್ ಬಂದ ಮೇಲೆ ಚಿತ್ರ ಬದಲಾಯಿತು. ಜೋಡಣೆ ಕಾರ್ಖಾನೆಯಲ್ಲೇ ಆಗಿರುತ್ತದೆ, ಚುಚ್ಚಿದರೆ ಸಾಕು. 2009ರಲ್ಲಿ ಲಾಜಿಟೆಕ್ ಒಂದೇ ಡಾಂಗಲ್ಲಿಗೆ ಆರು ಸಾಧನ ಜೋಡಿಸುವ ಯೂನಿಫೈಯಿಂಗ್ ತಂದಿತು. ದೂರುಗಳು ಮಾತ್ರ ನಿಲ್ಲಲಿಲ್ಲ, ಅವುಗಳ ಕಾರಣ ಕಣ್ಣಿಗೆ ಬೀಳುವುದು ನಿಂತಿತು.

ಫೋಟೊ ಸ್ಟುಡಿಯೊ ಒಂದರಲ್ಲಿ ಮಧ್ಯಾಹ್ನ ಮಾತ್ರ ಮೌಸ್ ಹಾರುತ್ತಿತ್ತು. ಸೆಲ್ ಬದಲಿಸಿದರು, ಮೌಸ್ ಬದಲಿಸಿದರು, ವೈರಸ್ ಎಂದು ವಿಂಡೋಸನ್ನೂ ಹೊಸದಾಗಿ ಹಾಕಿಸಿದರು. ನಾನು ಹೋದಾಗ ಮದುವೆ ಫೋಟೊಗಳು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ಕಾಪಿಯಾಗುತ್ತಿದ್ದವು. ಅದು ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿಯಲ್ಲಿ, ಪಕ್ಕದಲ್ಲೇ ಡಾಂಗಲ್. ಯುಎಸ್‌ಬಿ 3ರಲ್ಲಿ ಡೇಟಾ ಓಡುವಾಗ ಹುಟ್ಟುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ಸುತ್ತಲೂ ಹರಡುತ್ತದೆ. ಇಂಟೆಲ್ ಇದನ್ನು 2012ರಲ್ಲೇ ಅಳೆದು ಪ್ರಕಟಿಸಿದೆ. ಕಾಪಿ ನಿಂತರೆ ಮೌಸ್ ಸರಿ, ಶುರುವಾದರೆ ಹಾರಾಟ. ಅವರ ಊಟದ ಹೊತ್ತಿನ ಬ್ಯಾಕಪ್ಪೇ ಮಧ್ಯಾಹ್ನದ ಗುಟ್ಟು. ಮೊಳದುದ್ದದ ಎಕ್ಸ್‌ಟೆನ್ಷನ್ ವೈರ್ ಹಾಕಿ ಡಾಂಗಲನ್ನು ಮೌಸಿನ ಹತ್ತಿರ ತಂದಿಟ್ಟೆ. ವೈರ್‌ಲೆಸ್ಸಿಗೆ ವೈರ್ ಹಾಕೋದಾ ಎಂದು ಮಾಲೀಕರು ನಕ್ಕರು. ಇವತ್ತಿಗೂ ನಾನು ಮೊದಲು ಮಾಡುವ ಚಿಕಿತ್ಸೆ ಅದೇ.

ಬ್ಲೂಟೂತ್‌ನದು ಬೇರೆ ವರಸೆ. ಡಾಂಗಲ್ ಬೇಡ, ಕಿಂಡಿ ಉಳಿಯುತ್ತದೆ. ಕೀಬೋರ್ಡ್ ಜೋಡಿಸುವಾಗ ಪರದೆಯಲ್ಲಿ ಬಂದ ಅಂಕಿಗಳನ್ನು ಅದರಲ್ಲೇ ಒತ್ತಿ ಎಂಟರ್ ಹೊಡೆಯಬೇಕು. ಎಂಟರ್ ಮರೆತು ಕನೆಕ್ಟ್ ಆಗ್ತಿಲ್ಲ ಅನ್ನುವವರು ಬಹಳ. ಮೂರು ಯಂತ್ರಗಳಿಗೆ ಬದಲಾಗುವ ಕೀಬೋರ್ಡಿನಲ್ಲಿ ಕೈ ತಗುಲಿ ಎರಡನೆಯದಕ್ಕೆ ಹೋಗಿದ್ದರೆ ಅಕ್ಷರವೆಲ್ಲ ಪಕ್ಕದ ಟ್ಯಾಬಿಗೆ ಬೀಳುತ್ತಿರುತ್ತದೆ. ನಿಂತು ನಿಂತು ಎಚ್ಚರವಾಗುವ ಮೌಸಾದರೆ ಡಿವೈಸ್ ಮ್ಯಾನೇಜರ್‌ನಲ್ಲಿ ವಿದ್ಯುತ್ ಉಳಿತಾಯದ ಟಿಕ್ ತೆಗೆದು ನೋಡಿ. ಯಾವುದಕ್ಕೂ ಬಗ್ಗದಿದ್ದರೆ ಜೋಡಣೆಯನ್ನು ಪಟ್ಟಿಯಿಂದ ಅಳಿಸಿ ಹೊಸದಾಗಿ ಜೋಡಿಸುವುದು.

ಇಷ್ಟೆಲ್ಲ ಹೇಳಿದರೂ ಬರುವ ದೂರುಗಳಲ್ಲಿ ಹೆಚ್ಚಿನವು ಸೆಲ್ಲಿನವೇ. ರೀಚಾರ್ಜಬಲ್ ಸೆಲ್ 1.2 ವೋಲ್ಟಿನದು, ಸಾಮಾನ್ಯ ಸೆಲ್ 1.5ರದು. ಹಾಗಾಗಿ ಕೆಲವು ಮೌಸ್‌ಗಳು ತುಂಬಿದ ಸೆಲ್ಲಿಗೂ ಕೆಂಪು ದೀಪ ತೋರಿಸುತ್ತವೆ. ಬೇಸಿಗೆ ರಜೆಯಲ್ಲಿ ಸೆಲ್ ತೆಗೆಯದೆ ಬಿಟ್ಟ ಮೌಸಿನೊಳಗೆ ಬಿಳಿ ಪುಡಿ ಕಟ್ಟಿ ಸ್ಪ್ರಿಂಗ್ ತಿಂದುಹೋಗಿರುತ್ತದೆ.

ಹಳೆಯದು ಚೆನ್ನಾಗಿತ್ತೆಂದು ನಾನು ಹೇಳಲಾರೆ. ಗುಂಡಿನ ಮೌಸನ್ನು ಯಾರೂ ಮತ್ತೆ ಬಯಸಬಾರದು, ಗಾಜಿನ ಮೇಲೆ ತಡವರಿಸಿದರೂ ಇಂದಿನ ಬೆಳಕಿನ ಮೌಸೇ ವಾಸಿ. ಅಗ್ಗದ ಜೋಡಿಗಳ ಡಾಂಗಲ್ ಕಳೆದರೆ ಬೇರೆ ಡಾಂಗಲ್ ಹೊಂದುವುದಿಲ್ಲ, ಚೆನ್ನಾಗಿರುವ ಮೌಸೂ ಕಸಕ್ಕೆ. ಇದೊಂದು ಮಾತ್ರ ಅನ್ಯಾಯ. ಕಂಪನಿಗಳು ಮನಸ್ಸು ಮಾಡಿದರೆ ಸರಿಪಡಿಸಬಹುದು. ಪರೀಕ್ಷೆಯ ಲ್ಯಾಬಿಗೆ, ಬ್ಯಾಂಕಿನ ಕೌಂಟರಿಗೆ ವೈರಿನದೇ ಇರಲಿ. ಮನೆಯಲ್ಲಿ ಏನಾದರೂ ಬಳಸಿ, ಯುಎಸ್‌ಬಿ ವೈರಿನ ಒಂದು ಮೌಸನ್ನು ಮಾತ್ರ ಡ್ರಾಯರಿನಲ್ಲಿ ಇಟ್ಟುಕೊಳ್ಳಿ: ಆಫ್ ಆದ ಬ್ಲೂಟೂತನ್ನು ಆನ್ ಮಾಡಲೂ ಒಂದು ಮೌಸ್ ಬೇಕಾಗುತ್ತದೆ.