ಸಿರಿವಂತನ ಮಾತಿಗೆ ಎಷ್ಟು ಅಂಕ?

ಚರ್ಚಾಸ್ಪರ್ಧೆಗಳಿಗೆ ತೀರ್ಪುಗಾರನಾಗಿ ಕೂಡುವುದು ಕನ್ನಡ ಅಧ್ಯಾಪಕನ ಹಣೆಯಲ್ಲಿ ಬರೆದ ಕೆಲಸ. ವಿಷಯಕ್ಕೆ ಇಷ್ಟು, ನಿರೂಪಣೆಗೆ ಇಷ್ಟು, ಪ್ರತಿವಾದಕ್ಕೆ ಇಷ್ಟು ಎಂದು ಅಂಕ ಹಂಚುವ ಚಟ ಒಮ್ಮೆ ಅಂಟಿತೆಂದರೆ ಮದುವೆಮನೆಯ ಮಾತುಕತೆಯನ್ನೂ ಅದು ಬಿಡುವುದಿಲ್ಲ. ಹೀಗಿರಲು, ಅಮೆರಿಕದ 1992ರ ಅಧ್ಯಕ್ಷ ಚುನಾವಣೆಯ ವಾದಸಭೆಗಳ ದೃಶ್ಯಮುದ್ರಿಕೆಯನ್ನು ಈಚೆಗೆ ನೋಡುವಾಗ ನನ್ನ ಕೈ ತಾನಾಗಿಯೇ ಪೆನ್ಸಿಲನ್ನು ಹುಡುಕಿತು.

ವೇದಿಕೆಯ ಮೇಲೆ ಮೂವರು: ಅಧ್ಯಕ್ಷ ಜಾರ್ಜ್ ಬುಷ್, ಆರ್ಕನ್ಸಾದ ಗವರ್ನರ್ ಬಿಲ್ ಕ್ಲಿಂಟನ್, ಪಕ್ಷವಿಲ್ಲದೆ ನಿಂತ ಟೆಕ್ಸಾಸಿನ ಕೋಟ್ಯಧೀಶ ರಾಸ್ ಪೆರೋ. 1962ರಲ್ಲಿ ತಾನು ಕಟ್ಟಿದ ಗಣಕಯಂತ್ರ ಸೇವೆಯ ಸಂಸ್ಥೆಯನ್ನು 1984ರಲ್ಲಿ ಜನರಲ್ ಮೋಟರ್ಸಿಗೆ 250 ಕೋಟಿ ಡಾಲರಿಗೆ ಮಾರಿದ ವರ್ತಕನೀತ. ಗಿಡ್ಡ ಆಳು, ದೊಡ್ಡ ಕಿವಿ, ಚುಟುಕು ಮಾತು. ಅಕ್ಟೋಬರ್ 11ರ ಮೊದಲ ಸಭೆಯಲ್ಲಿ ಅನುಭವದ ಪ್ರಶ್ನೆ ಎದ್ದಾಗ, 4 ಲಕ್ಷ ಕೋಟಿ ಡಾಲರು ಸಾಲ ಮಾಡಿದ ಅನುಭವ ತನಗಿಲ್ಲವೆಂದನು. ಸಭೆ ನಕ್ಕಿತು. ಆ ಸಾಲವನ್ನು ತಗ್ಗಿಸಲು ಪೆಟ್ರೋಲಿನ ತೆರಿಗೆಯನ್ನು ಐದು ವರ್ಷಗಳಲ್ಲಿ ಗ್ಯಾಲನ್ನಿಗೆ 50 ಸೆಂಟು ಏರಿಸಬೇಕೆಂಬ ತನ್ನ ಸಲಹೆಯನ್ನೂ ಅಲ್ಲಿಯೇ ಸಮರ್ಥಿಸಿದನು. ಇದಕ್ಕಿಂತ ನ್ಯಾಯವಾದ ದಾರಿಯಿದ್ದರೆ ಮೈಯೆಲ್ಲ ಕಿವಿಯಾಗಿ ಕೇಳುವೆನೆಂದನು. ಆತನ ಕಿವಿಗಳನ್ನು ಕಂಡ ಸಭೆ ಮತ್ತೆ ನಕ್ಕಿತು.

ನಿರೂಪಣೆಗೆ ಧಾರಾಳವಾಗಿ ಅಂಕವಿತ್ತೆನು. ಎದೆಗಾರಿಕೆಗೂ ಇತ್ತೆನು, ಮತ ಬೇಡುವವನು ತೆರಿಗೆಯ ಮಾತೆತ್ತುವುದು ಸಾಮಾನ್ಯವಲ್ಲ. ಪೆನ್ಸಿಲು ತಡೆದುದು ಮುಂದಿನ ಅಂಕಣದಲ್ಲಿ. ಕಂಪನಿಯಲ್ಲಿ ಯಜಮಾನನ ಅಪ್ಪಣೆಯೇ ಸಾಕು. ಅಧ್ಯಕ್ಷನು ಸೂಚಿಸುವ ತೆರಿಗೆಗೆ ಕಾಂಗ್ರೆಸ್ಸಿನ ಒಪ್ಪಿಗೆ ಬೇಕು. ಅಲ್ಲಿ ತನ್ನವರೆಂಬ ಪಕ್ಷವೇ ಇಲ್ಲದವನು ಅದನ್ನು ಪಡೆಯುವ ಬಗೆ ಹೇಗೆ? ಆತನ ಉತ್ತರ ನನಗೆ ಸಾಲದೆನಿಸಿತು. ಜುಲೈಯಲ್ಲಿ ಕಣದಿಂದ ಹಿಂದೆಗೆದು ಅಕ್ಟೋಬರ್ 1ರಂದು ಮರಳಿದವನ ಪಟ್ಟುಹಿಡಿಯುವ ಶಕ್ತಿಯ ಮೇಲೂ ಸಂಶಯವುಳಿಯಿತು.

ಇದಕ್ಕಿಂತ ದೊಡ್ಡ ಸಂಶಯ ಕೇಳುವವರಾದ ನಮ್ಮ ಮೇಲೆಯೇ. ಅದೇ ಮಾತನ್ನು ಪ್ರಾಥಮಿಕ ಶಾಲೆಯ ಉಪಾಧ್ಯಾಯನೊಬ್ಬನು ಆಡಿದ್ದರೆ ಹಾಗೆ ತಲೆದೂಗುತ್ತಿದ್ದೆವೆ? ಸಿರಿವಂತನು ಸರಳವಾಗಿ ಮಾತನಾಡಿದರೆ ನೇರನುಡಿ. ಬಡವನು ಮಾತನಾಡಿದರೆ ತಿಳಿವಳಿಕೆಯ ಕೊರತೆ! ಹಣವು ನಾಲಗೆಗೆ ಕಡವಾಗಿ ಕೊಟ್ಟ ಅಂಕಗಳನ್ನು ಕಳೆಯದೆ ಮೊತ್ತ ಬರೆಯಬಾರದು.

ನವೆಂಬರಿನಲ್ಲಿ ಶೇಕಡಾ 19ರಷ್ಟು ಮತಗಳು ಪೆರೋವಿಗೆ ಬಂದುವು. ಒಂದು ರಾಜ್ಯವೂ ದಕ್ಕಲಿಲ್ಲ. ಎಲ್ಲವನ್ನೂ ಕಳೆದ ಮೇಲೂ, ಇತರರು ಮೆಲ್ಲನೆ ದಾಟಬಯಸಿದ ಸಾಲದ ಪ್ರಶ್ನೆಯನ್ನು ಎಲ್ಲರೂ ತಿಳಿಯುವಂತೆ ಎತ್ತಿದ ಕೀರ್ತಿ ಆತನಿಗುಳಿಯುತ್ತದೆ. ಪ್ರಶ್ನೆಗೆ ಪ್ರಥಮ ದರ್ಜೆ, ಉತ್ತರಕ್ಕೆ ದ್ವಿತೀಯ ದರ್ಜೆ. ‘ದುಡ್ಡೇ ದೊಡ್ಡಪ್ಪ, ವಿದ್ಯೆ ಅದರಪ್ಪ’ ಎಂಬ ಗಾದೆಯನ್ನು ಪೂರ್ತಿಯಾಗಿ ಬಲ್ಲ ವಾಚಕರು ಈ ತೀರ್ಪನ್ನು ಒಪ್ಪುವರೆಂದು ನಂಬಿದ್ದೇನೆ.