ಸ್ವಂತ ಲಾರಿಗಿಂತ ಮೊದಲು

ನಾವು ಅಣ್ಣತಮ್ಮ ಸೇರಿ ಫೈನಾನ್ಸ್‌ನಲ್ಲಿ ಹಳೇ ಲಾರಿ ತಂದಾಗ ಇಬ್ಬರಿಗೂ ಲಾರಿ ಓಡಿಸಲು ಬರುತ್ತಿರಲಿಲ್ಲ. ಡ್ರೈವರ್ ಇದ್ದಾನಲ್ಲ, ಲೆಕ್ಕ ನೋಡಿಕೊಂಡರಾಯಿತು ಎಂದುಕೊಂಡೆವು. ಹಾವೇರಿಯಿಂದ ತಮಿಳುನಾಡಿನ ನಾಮಕ್ಕಲ್‌ಗೆ, ಕೋಳಿ ಆಹಾರಕ್ಕೆ ಹೋಗುವ ಮೆಕ್ಕೆಜೋಳದ ಬಾಡಿಗೆ.

ಲೀಟರಿಗೆ 3 ಕಿಲೋಮೀಟರ್ ಅಷ್ಟೇ ಬರೋದು ಎಂದ ಡ್ರೈವರ್. ನಂಬಿದೆವು. ವಾಪಸ್ ಲೋಡಿಗೆ ಎರಡು ದಿನ ಕಾಯಬೇಕು ಎಂದ. ಕಾದೆವು. 14ನೇ ಕಂತಿಗೆ ಅವ್ವನ ಬೋರಮಾಳ ಅಡವಿಟ್ಟೆವು. ಕೊನೆಗೆ ಲಾರಿಯನ್ನೂ ಮಾರಿದೆವು.

ಆಮೇಲೆ ತಮ್ಮ ಬೇರೆಯವರ ಲಾರಿ ಹತ್ತಿದ. ಮೊದಲು ಕ್ಲೀನರ್, ಲೈಸೆನ್ಸ್ ಆದ ಮೇಲೆ ಡ್ರೈವರ್. ಅದೇ ನಾಮಕ್ಕಲ್ ದಾರಿ. ಧರ್ಮಪುರಿ ದಾಟಿ ಸೇಲಂ ಕಡೆ ಇಳಿಯುವ ತೊಪ್ಪೂರು ಘಾಟಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವವರಿದ್ದಾರೆ. ಆಗ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು, ಡ್ರಮ್ ಕಾದು, ಬ್ರೇಕ್ ಹಿಡಿಯುವುದಿಲ್ಲ. "ಏರುವ ಗೇರಿನಲ್ಲೇ ಇಳಿಸಬೇಕು" ಎಂದು ಹಿರಿಯ ಡ್ರೈವರ್ ಒಬ್ಬರು ಕಲಿಸಿದರು. ನಮ್ಮದರಂಥದೇ ಲಾರಿ ಲೋಡ್ ಇದ್ದರೂ 4 ಕಿಲೋಮೀಟರ್ ಮೇಲೆ ಕೊಡುತ್ತದೆ ಎಂದು ತಿಳಿದದ್ದೂ ಆಗಲೇ.

ಮೊನ್ನೆ ಊರಿನ ಹುಡುಗನೊಬ್ಬ ಲಾರಿ ಸಾಲಕ್ಕೆ ಜಾಮೀನು ಕೇಳಿ ಬಂದ. ದೊಡ್ಡ ಲಾರಿಯ ಎಲ್‌ಎಲ್ ಸಿಗಬೇಕಾದರೆ ವಯಸ್ಸು 20 ತುಂಬಿರಬೇಕು, ಕಾರಿನ ಲೈಸೆನ್ಸ್ ಆಗಿ 1 ವರ್ಷ ಆಗಿರಬೇಕು. ಅವನಿಗೆ ಅದೂ ಗೊತ್ತಿರಲಿಲ್ಲ. "ಎರಡು ವರ್ಷ ಬೇರೆಯವರ ಲಾರಿ ಮೇಲೆ ದುಡಿದು ಬಾ, ಸಹಿ ಹಾಕ್ತೀವಿ" ಎಂದೆವು. ಮುಖ ಊದಿಸಿಕೊಂಡು ಹೋದ.

ಹೋಗಲಿ. ನಮಗೆ ಹಾಗೆ ಹೇಳುವವರು ಯಾರೂ ಇರಲಿಲ್ಲ. ಅವ್ವನ ಬೋರಮಾಳ ಬಿಡಿಸಿದ್ದು ತಮ್ಮ ಬೇರೆಯವರ ಲಾರಿಯಲ್ಲಿ ದುಡಿದ ಸಂಬಳದಿಂದ.