ಹಂಪೆಯ ಕಾಣದ ಕಂಬಗಳು

ಹಂಪೆಯಲ್ಲಿ ಮಹಾನವಮಿ ದಿಬ್ಬವಿರುವ ಆವರಣದೊಳಗೇ ಅರಸರ ಸಭಾಮಂಟಪವೆಂದು ಹೇಳುವ ಒಂದು ಜಗತಿಯುಂಟು. ಸಾಲಿಗೆ 10ರಂತೆ 10 ಸಾಲು, ಒಟ್ಟು 100 ಕಲ್ಲುಪೀಠಗಳು. ಪೀಠದ ನಡುವೆ ಕಂಬದ ಬುಡವನ್ನು ಕೂರಿಸುವ ಕುಳಿ. ಕಂಬಗಳು ಮರದವು, 1565ರ ಅನಾಹುತದ ಬಳಿಕ ಒಂದೂ ಉಳಿಯಲಿಲ್ಲ. ಮೇಲಂತಸ್ತಿಗೆ ಏರುತ್ತಿದ್ದ ಮೆಟ್ಟಿಲುಗಳ ಕೆಳಭಾಗ ಮಾತ್ರ ತೆಂಕಣ ಬದಿಯಲ್ಲಿ ನಿಂತಿದೆ. ಪ್ರವಾಸಕ್ಕೆ ಬಂದ ಶಾಲೆಯ ಮಕ್ಕಳಿಗೆ ಇದು ಬರಿಯ ಬಯಲು. ಉಪಾಧ್ಯಾಯರು ವಿವರಿಸುತ್ತಿರುವಾಗಲೇ ಅವರು ಕಲ್ಲಿನ ರಥವೆಲ್ಲಿ ಎಂದು ಕೇಳುವರು.

ಈ ಕೊರತೆಗೆ ಈಗ ಒಂದು ಉಪಾಯ ದೊರೆತಿದೆ. ಆಗ್ಮೆಂಟೆಡ್ ರಿಯಾಲಿಟಿ, ಎಂದರೆ ವರ್ಧಿತ ವಾಸ್ತವ, ಎಂದು ಅದರ ಹೆಸರು. ಮೊಬೈಲಿನ ಕ್ಯಾಮೆರಾ ನೆಲದ ಗುರುತುಗಳನ್ನು ಹಿಡಿಯುವುದು. ನೋಡುವವನು ಎಲ್ಲಿ ನಿಂತು ಎತ್ತ ತಿರುಗಿದ್ದಾನೆಂಬುದನ್ನು ಯಂತ್ರವು ಕ್ಷಣಕ್ಷಣಕ್ಕೂ ಗಣಿಸಿ, ಕಂಬ ತೊಲೆ ಚಾವಣಿಗಳ ಚಿತ್ರವನ್ನು ಕಣ್ಣೆದುರಿನ ದೃಶ್ಯದ ಮೇಲೆಯೇ ನಿಲ್ಲಿಸುವುದು. ಗ್ರೀಸ್ ದೇಶದ ಒಲಿಂಪಿಯಾದಲ್ಲಿ ಈ ಶತಮಾನದ ಆರಂಭದಲ್ಲಿಯೇ ಇಂಥ ಪ್ರಯೋಗ ನಡೆಯಿತು. ಆಗ ಗಣಕವನ್ನೇ ಹೊತ್ತು ತಿರುಗಬೇಕಾಗಿತ್ತು!

ಇದರ ಪ್ರಯೋಜನವು ಸಾಮಾನ್ಯವಾದುದಲ್ಲ. ಕಂಬಗಳು ಎದ್ದು ನಿಂತೊಡನೆ, ಇಷ್ಟು ಒತ್ತಾಗಿ ಏಕೆ ನೆಟ್ಟರೆಂಬ ಪ್ರಶ್ನೆ ತಾನಾಗಿ ಹುಟ್ಟುವುದು. ತೊಲೆಯ ಉದ್ದ, ಮೇಲಂತಸ್ತಿನ ಭಾರ ಎಲ್ಲವೂ ಲೆಕ್ಕಕ್ಕೆ ಬರುವುವು.

ಆದರೆ ಇಲ್ಲಿ ತರ್ಕಶಾಸ್ತ್ರದ ಮಾತೊಂದಿದೆ. ಪೀಠವು ಪ್ರತ್ಯಕ್ಷ. ಹೊಗೆಯಿಂದ ಬೆಂಕಿಯನ್ನು ತಿಳಿಯುವಂತೆ ಕುಳಿಯಿಂದ ಕಂಬವನ್ನೂ ಮೆಟ್ಟಿಲಿನಿಂದ ಮೇಲಂತಸ್ತನ್ನೂ ತಿಳಿಯುವುದು ಅನುಮಾನ. (ಕನ್ನಡದಲ್ಲಿ ಈ ಶಬ್ದಕ್ಕೆ ಸಂಶಯವೆಂಬ ಅರ್ಥ ಬಂದಿರುವುದು ಈ ಪ್ರಸಂಗಕ್ಕೆ ಅನುಚಿತವೇನಲ್ಲ.) ಕಂಬದ ಕೆತ್ತನೆ, ಚಾವಣಿಯ ಆಕಾರ, ಬಣ್ಣ, ಇವು ಬಹುಮಟ್ಟಿಗೆ ಕಲ್ಪನೆ. ಪರದೆಯೋ ಮೂರನ್ನೂ ಒಂದೇ ಹೊಳಪಿನಿಂದ ತೋರಬಲ್ಲುದು. ಮಗುವು ಕಂಡೆನೆಂದು ನಂಬಿ ಮನೆಗೆ ಹೋಗುವುದು. ಕೇಳಿದ ತಪ್ಪನ್ನು ತಿದ್ದಬಹುದು, ಕಂಡ ತಪ್ಪನ್ನು ತಿದ್ದುವುದು ಕಷ್ಟ. ಉಳಿದಿರುವುದಾವುದು, ಆಧಾರವಿರುವುದಾವುದು, ಊಹೆಯಾವುದು ಎಂಬುದು ನೋಡುವವರಿಗೆ ಸ್ಪಷ್ಟವಾಗಿರಬೇಕೆಂದು ಈ ಬಗೆಯ ಚಿತ್ರಗಳ ವಿಷಯವಾಗಿ ವಿದ್ವಾಂಸರು ರಚಿಸಿದ ಲಂಡನ್ ಸನ್ನದಿನ 2009ರ ಪಾಠವು ಹೇಳುತ್ತದೆ. ಕಲ್ಪನೆಯ ಭಾಗವನ್ನು ಬರಿಯ ರೇಖೆಗಳಲ್ಲಿ ಮಸುಕಾಗಿ ತೋರಿಸುವುದೇನೂ ಅಸಾಧ್ಯವಲ್ಲ.

ಅದಕ್ಕೂ ಮೊದಲು ಮಕ್ಕಳು ಹಗ್ಗ ಹಿಡಿದು ಪೀಠಗಳ ಅಂತರವನ್ನು ಅಳೆಯಲಿ. ತಮಗೆ ತೋರಿದ ಮಂಟಪವನ್ನು ಕಾಗದದಲ್ಲಿ ಬರೆಯಲಿ. ಮೊಬೈಲನ್ನು ಎತ್ತುವುದು ಆಮೇಲೆ. ತನ್ನ ಚಾವಣಿಯು ಪರದೆಯ ಚಾವಣಿಗೆ ಹೊಂದದ ಹುಡುಗಿಯೊಬ್ಬಳು, ಅದು ಹಾಗೆಯೇ ಇತ್ತೆಂಬುದಕ್ಕೆ ಆಧಾರವೇನೆಂದು ಕೇಳಿಯೇ ಕೇಳುವಳು. ಆಗ ಉಪಾಧ್ಯಾಯರು ಪುನಃ ಆ ಕುಳಿಗಳ ಬಳಿಗೇ ಬರಬೇಕಾಗುವುದು.